ಪುತ್ತೂರಿನ ಕಾರಂತರು: ಕಟ್ಟಡ, ಕಲೆ, ಸಂಗ್ರಹ

ಶಿವರಾಮ ಕಾರಂತರ ಹೆಸರನ್ನೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಬಂದು ನಿಲ್ಲುವವರು ಚೋಮ, ಮೂಕಜ್ಜಿ, ಬೆಟ್ಟದ ಜೀವದ ಗೋಪಾಲಯ್ಯ. ಅದು ಸಹಜವೇ. ನಲವತ್ತಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದವರನ್ನು ನಾಡು ಮೊದಲು ಕಾದಂಬರಿಕಾರರೆಂದೇ ಗುರುತಿಸುತ್ತದೆ. ಆದರೆ ಅವರ ಬಾಳಿಗೆ ಇನ್ನೊಂದು ಮಗ್ಗುಲಿದೆ. ನಾಡಿನ ಗುಡಿಗಳನ್ನೂ ಮನೆಗಳನ್ನೂ ಅವರು ನೋಡಿದ ಬಗೆ, ಕಲೆಯ ವಸ್ತುಗಳನ್ನು ಅರಸಿಕೊಂಡು ತಿರುಗಿದ ಬಗೆ, ಹಾಗೆ ಅರಸಿ ಕಂಡುದನ್ನು ಮರಳಿ ಜನರ ಮುಂದಿಟ್ಟ ಬಗೆ ಇವುಗಳನ್ನು ಕುರಿತು ನಾವು ಆಡುವ ಮಾತು ಕಡಮೆ. ಕಟ್ಟಡಕ್ಕೂ ಕಲಾಸಂಗ್ರಹಕ್ಕೂ ಇರುವ ನಂಟನ್ನು ವಿಚಾರಿಸಹೊರಟಾಗ ನನಗೆ ಮತ್ತೆ ಮತ್ತೆ ದಾರಿ ತೋರಿದುದು ಅವರ ಬಾಳಿನ ಈ ಮಗ್ಗುಲೇ. ಪುತ್ತೂರಿನಲ್ಲಿ ಅವರು ಕಳೆದ ನಾಲ್ಕು ದಶಕಗಳನ್ನು ಈ ದೃಷ್ಟಿಯಿಂದ ಹಿಂದಿರುಗಿ ನೋಡುವುದು ಇಂದು ಅಗತ್ಯವೂ ಆಗಿದೆ. ಏಕೆಂದರೆ ಪುತ್ತೂರು, ಸುಳ್ಯ, ಕಡಬಗಳ ಹಳೆಯ ಮನೆಗಳೂ ಗುಡಿಗಳೂ ನಮ್ಮ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತಿವೆ. ಅವುಗಳ ಕೆತ್ತನೆಯ ಕಂಬ ಬಾಗಿಲುಗಳು ಎಲ್ಲೆಲ್ಲಿಗೋ ಸಾಗುತ್ತಿವೆ.

ಕಾರಂತರು ಹುಟ್ಟಿದುದು 1902ನೆಯ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಅಂದು ಆ ಪ್ರದೇಶವೆಲ್ಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ಕುಂದಾಪುರದಲ್ಲಿ ಶಾಲೆಯನ್ನು ಮುಗಿಸಿ ಮಂಗಳೂರಿನ ಕಾಲೇಜನ್ನು ಸೇರಿದ ತರುಣ 1921ರಲ್ಲಿ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಓದನ್ನು ಬಿಟ್ಟರು. ಖಾದಿ ಪ್ರಚಾರ, ಸಮಾಜ ಸುಧಾರಣೆ, ಪತ್ರಿಕೆ, ನಾಟಕ ಹೀಗೆ ಹಲವು ಬಾಗಿಲುಗಳನ್ನು ತಟ್ಟಿದರು. ಪದವಿಯಿಲ್ಲದ ಈ ಮನುಷ್ಯನಿಗೆ ಊರೂರು ಅಲೆದುದೇ ವಿದ್ಯಾಭ್ಯಾಸವಾಯಿತು. ಪುಸ್ತಕದ ಪುಟದಿಂದ ಗುಡಿಗೆ ಹೋದವರಲ್ಲ ಅವರು. ಗುಡಿಯ ಮುಂದೆ ನಿಂತು, ಕಂಡುದನ್ನು ಅರಿಯಲೆಂದು ಪುಸ್ತಕವನ್ನು ತೆರೆದವರು. ಮುಂದೆ ಅವರು ಕಲೆಯನ್ನು ಕುರಿತು ಬರೆದುದೆಲ್ಲದರಲ್ಲೂ ಈ ಕಣ್ಣಿನ ಕಲಿಕೆಯ ಗುರುತು ಕಾಣುತ್ತದೆ.

1930ರ ಸುಮಾರಿಗೆ ಅವರು ಪುತ್ತೂರಿನಲ್ಲಿ ನೆಲಸಿದರು. ಸಹಕಾರಿ ಚಳುವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ನೆರಳು ಅವರಿಗೆ ದೊರೆತುದು ಇಲ್ಲಿಯೇ. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಜಾತಿಯ ಕಟ್ಟನ್ನು ಮೀರಿದ ಮದುವೆ ಅದು. ಊರಿನ ಪರ್ಲಡ್ಕದ ಗುಡ್ಡದಲ್ಲಿ ಬಾಲವನ ಎದ್ದಿತು. ಮಕ್ಕಳಿಗೆ ಶಾಲೆ, ಕುಣಿತಕ್ಕೊಂದು ರಂಗ, ಬರೆಯಲು ವಾಸಿಸಲು ಮನೆ, ಪುಸ್ತಕಗಳಿಗಾಗಿ ಮುದ್ರಣಾಲಯ ಎಲ್ಲವೂ ಅವರ ಒಂದೇ ಆಸೆಯ ಕವಲುಗಳು. ಶಾಲೆ ಬಹುಕಾಲ ಬಾಳಲಿಲ್ಲ. ಸಾಲ ಮಾತ್ರ ಬಹುಕಾಲ ಬಾಳಿತು. ಆದರೂ ಬಾಲವನದ ಯೋಜನೆಯಲ್ಲಿದ್ದ ತಿಳಿವನ್ನು ನಾವು ಮರೆಯಲಾಗದು. ಮಗುವಿಗೆ ಚಿತ್ರ, ಹಾಡು, ಕುಣಿತಗಳನ್ನು ಕಲಿಸಬೇಕಾದರೆ ಅದಕ್ಕೆ ತಕ್ಕ ಜಾಗ ಬೇಕು. ಆ ಜಾಗದ ಬೆಳಕು, ಮರ, ನೆಲ, ಸೂರುಗಳೂ ಪಾಠದ ಅಂಗಗಳೇ. ಇದು ಕಟ್ಟಡವನ್ನು ಕಲೆಯ ಹೊರಚಿಪ್ಪೆಂದು ಬಗೆಯುವವರ ಮಾತಾಗಲಾರದು.

ಈ ಸೀಮೆಯ ವಾಸ್ತುವನ್ನು ಬಲ್ಲವರಿಗೆ ಅವರ ಈ ತಿಳಿವು ಎಲ್ಲಿಂದ ಬಂದಿತೆಂದು ಊಹಿಸುವುದು ಕಷ್ಟವಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿದು. ಇಲ್ಲಿ ಮೊದಲು ಯೋಚಿಸಬೇಕಾದುದು ಮಾಡನ್ನು ಕುರಿತು. ಮುರಕಲ್ಲಿನ ಗೋಡೆ, ಅದರ ಮೇಲೆ ಇಳಿಜಾರಾಗಿ ಇಳಿದುಬಂದ ಮುಳಿ ಇಲ್ಲವೆ ಹಂಚಿನ ಸೂರು, ಸೂರಿನ ನೆರಳಲ್ಲಿ ಜಗಲಿ, ನಡುವೆ ಅಂಗಳ, ಮೇಲೆ ಹಲಸಿನ ಮರದ ಮುಚ್ಚಿಗೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮುಳಿಯ ಜಾಗಕ್ಕೆ ಹಂಚು ಬಂದಿತು. ಆದರೆ ಇಳಿಜಾರು ಹಾಗೆಯೇ ಉಳಿಯಿತು. ಗುಡಿಗಳೂ ಹೀಗೆಯೇ. ಪುತ್ತೂರಿನ ಮಹಾಲಿಂಗೇಶ್ವರನ ಗುಡಿಯಾಗಲಿ, ಸುಳ್ಯದ ತೊಡಿಕಾನದ ಮಲ್ಲಿಕಾರ್ಜುನನ ಗುಡಿಯಾಗಲಿ, ಘಟ್ಟದ ಮೇಲಿನ ಗುಡಿಗಳಂತೆ ಶಿಲ್ಪವನ್ನು ಬಯಲಿಗೆ ಹರಡಿ ನಿಲ್ಲುವ ಜಾತಿಯವಲ್ಲ. ಮಳೆಯೇ ಅದಕ್ಕೆ ಅವಕಾಶ ಕೊಡದು. ಇಲ್ಲಿಯ ಕೆತ್ತನೆ ಸೂರಿನಡಿಯ ಆನೆಗಾಲುಗಳಲ್ಲಿ, ತೊಲೆಯ ತುದಿಗಳಲ್ಲಿ, ಬಾಗಿಲ ದಾರಂದದಲ್ಲಿ ಅಡಗಿ ಕುಳಿತಿರುತ್ತದೆ. ಮರ, ಮಳೆ, ಸೂರು, ಶಿಲ್ಪ ಇವು ನಾಲ್ಕೂ ಒಂದೇ ಮಾತಿನ ನಾಲ್ಕು ಶಬ್ದಗಳಂತೆ. ಒಂದನ್ನು ಕಿತ್ತರೆ ಉಳಿದ ಮೂರಕ್ಕೆ ಅರ್ಥವಿಲ್ಲ.

ಮಹಾಲಿಂಗೇಶ್ವರನ ಗುಡಿಯನ್ನು ಕಾರಂತರು ಇನ್ನೊಂದು ರೀತಿಯಲ್ಲಿಯೂ ಬಳಸಿಕೊಂಡರು. 1930ರ ದಶಕದಲ್ಲಿ ಶಿವರಾಯರೊಡನೆ ಸೇರಿ ಅವರು ನಡೆಸಿದ ಪುತ್ತೂರಿನ ದಸರೆಯ ನಾಡಹಬ್ಬಕ್ಕೆ ಕನ್ನಡದ ದೊಡ್ಡ ದೊಡ್ಡ ಸಾಹಿತಿಗಳು ಬಂದರು. ಪೂಜೆಯ ಜನವೇ ಸಾಹಿತ್ಯದ ಶ್ರೋತೃಗಳಾದರು. ದೇವರಲ್ಲಿ ಭಕ್ತಿಯಿಲ್ಲದ ವ್ಯಕ್ತಿ ಗುಡಿಯನ್ನು ಹಿಂದಕ್ಕೆ ತಳ್ಳಲಿಲ್ಲ. ಊರಿನವರು ಕೂಡುವ ಎಡೆ ಅದೆಂಬುದನ್ನು ಅರಿತು ಅಲ್ಲಿಗೇ ತಮ್ಮ ಸರಕನ್ನು ಹೊತ್ತುಕೊಂಡು ಹೋದರು.

ಕಾರಂತರು ಸಂಗ್ರಾಹಕರೇ? ಹಣ ಕೊಟ್ಟು ಕಂಚು ಕಲ್ಲುಗಳನ್ನು ಕೊಂಡು ಮನೆಯಲ್ಲಿ ಸಾಲಾಗಿ ನಿಲ್ಲಿಸುವವರನ್ನು ಮಾತ್ರ ಸಂಗ್ರಾಹಕರೆನ್ನುವುದಾದರೆ, ಅವರು ಆ ಸಾಲಿನವರಲ್ಲ. ಕೊಳ್ಳಲು ಅವರಲ್ಲಿ ಹಣವೂ ಇರಲಿಲ್ಲ. ಅವರು ಕೂಡಿಸಿದುದು ಚಿತ್ರಗಳನ್ನು, ಟಿಪ್ಪಣಿಗಳನ್ನು, ಕಣ್ಣಿನ ಅನುಭವವನ್ನು. 1936ರಲ್ಲಿ ಹೊರಬಂದ ಬಾಲಪ್ರಪಂಚದ ಮೂರು ಸಂಪುಟಗಳನ್ನು ತೆರೆದು ನೋಡಬೇಕು. ಕನ್ನಡದ ಮಗುವಿಗೆ ಲೋಕವನ್ನೆಲ್ಲ ತೋರಿಸಬೇಕೆಂಬ ಹಂಬಲದಿಂದ ಒಬ್ಬರೇ ಕುಳಿತು ಕಟ್ಟಿದ ವಸ್ತುಸಂಗ್ರಹಾಲಯ ಅದು. ಗೋಡೆಯ ಬದಲು ಪುಟ, ಗಾಜಿನ ಪೆಟ್ಟಿಗೆಯ ಬದಲು ಅಚ್ಚಿನ ಪಡಿಯಚ್ಚು. ಮುಂದೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬಂದಿತು. ಕಲಾಪ್ರಪಂಚದಲ್ಲಿ ದೇಶವಿದೇಶಗಳ ಚಿತ್ರ, ಶಿಲ್ಪ, ವಾಸ್ತುಗಳೆಲ್ಲ ಒಂದೇ ಚಾವಡಿಯಲ್ಲಿ ಕೂಡಿದವು. ಭಾರತೀಯ ಚಿತ್ರಕಲೆಯನ್ನು ಕುರಿತು ಅವರು ಬರೆದುದು ಇದಕ್ಕೂ ಎಷ್ಟೋ ಹಿಂದೆ, ಕನ್ನಡದಲ್ಲಿ ಅಂಥ ಪುಸ್ತಕಗಳು ಬೆರಳೆಣಿಕೆಗೂ ಸಾಲದಿದ್ದ ಕಾಲದಲ್ಲಿ.

ಛಾಯಾಚಿತ್ರದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಅವರು ನಾಡನ್ನು ಸುತ್ತಿದರು. ಅಬುವಿನ ಹೆಸರನ್ನೇ ತಲೆಬರಹದಲ್ಲಿ ಹೊತ್ತ ಪ್ರವಾಸಕಥನವನ್ನು ಬರೆದರು. ಎಲ್ಲಕ್ಕಿಂತ ಅವರ ಮನಸ್ಸನ್ನು ಹಿಡಿದ ಎಡೆಗಳಲ್ಲಿ ಚಾಲುಕ್ಯರ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಸೇರಿವೆ. ಆ ವಾಸ್ತುಶಿಲ್ಪವನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ರಚಿಸಿದರು. ಈ ಒಲವಿಗೆ ಕಾರಣವಿಲ್ಲದಿಲ್ಲ. ಬಾದಾಮಿಯ ಮೂರನೆಯ ಗುಹೆಯನ್ನು ನೋಡಿ. ಅಲ್ಲಿಯ ಶಾಸನದಿಂದ ಅದು ಕ್ರಿ.ಶ. 578ರದೆಂದು ನಿಶ್ಚಯವಾಗಿದೆ. ಬಂಡೆಯನ್ನು ಒಳಗೊಳಗೆ ಕೊರೆದು ಮಾಡಿದ ಆ ಮಂಟಪದಲ್ಲಿ ಕಂಬವೂ ಶಿಲ್ಪವೇ, ಗೋಡೆಯೂ ಶಿಲ್ಪವೇ. ಸೂರಿನಡಿಯಲ್ಲಿ ಹಳೆಯ ವರ್ಣಚಿತ್ರಗಳ ಕುರುಹುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಕಟ್ಟಡ ಎಲ್ಲಿ ಮುಗಿಯಿತು, ಶಿಲ್ಪ ಎಲ್ಲಿ ತೊಡಗಿತು, ಚಿತ್ರ ಎಲ್ಲಿ ಕೂಡಿಕೊಂಡಿತು ಎಂದು ಗೆರೆ ಎಳೆಯಲು ಯಾರಿಂದಲೂ ಆಗದು.

ಅದೇ ಚಾಲುಕ್ಯರ ಐಹೊಳೆಯಲ್ಲಿ ಹುಚ್ಚಪ್ಪಯ್ಯನ ಗುಡಿ ಎಂಬುದೊಂದಿದೆ. ಅದರ ಒಳಮಾಡಿನಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಮೂರು ಫಲಕಗಳು ಇಂದು ಇರುವುದು ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ. ಅವು ಅಲ್ಲಿ ಸುರಕ್ಷಿತವಾಗಿವೆ, ಸಾವಿರಾರು ಜನ ನೋಡುತ್ತಾರೆ, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಮೂರ್ತಿಗಳನ್ನು ಶಿಲ್ಪಿ ಕೆತ್ತಿದುದು ಕೆಳಗೆ ನಿಂತವನು ಕೊರಳೆತ್ತಿ ನೋಡಲೆಂದು. ನೆತ್ತಿಯ ಮೇಲೆ ಮಬ್ಬು ಬೆಳಕಿನಲ್ಲಿ ಆಕಾಶವನ್ನೇ ತುಂಬಿದಂತೆ ಕಾಣಲೆಂದು. ಎದುರಿಗೆ ಗೋಡೆಯ ಬದಿಯಲ್ಲಿ ನಿಲ್ಲಿಸಿದ ಫಲಕ ಬೇರೆಯೇ ಒಂದು ವಸ್ತು. ಬೇಲೂರಿನ ಮದನಿಕೆಯರ ಮಾತೂ ಇದೇ. ಗೋಡೆಗೂ ಸೂರಿಗೂ ನಡುವೆ ಓರೆಯಾಗಿ, ಮುಂದಕ್ಕೆ ಬಾಗಿ ನಿಂತ ಅವರ ಚೆಲುವಿನಲ್ಲಿ ಅರ್ಧಪಾಲು ಆ ಓರೆಗೆ ಸಲ್ಲುತ್ತದೆ. ಕಾರಂತರು ಗುಡಿಯಿಂದ ಗುಡಿಗೆ ಅಲೆದು ಶಿಲ್ಪವನ್ನು ಅದರ ನೆಲೆಯಲ್ಲೇ ಚಿತ್ರಕ್ಕಿಳಿಸಿದುದರ ಬೆಲೆ ಇಲ್ಲಿ ತಿಳಿಯುತ್ತದೆ. ಅವರ ಸಂಗ್ರಹದಿಂದ ಯಾವ ಗುಡಿಯೂ ಬಡವಾಗಲಿಲ್ಲ.

1950ರ ದಶಕದಲ್ಲಿ ಅವರು ಯುರೋಪಿಗೆ ಹೋಗಿಬಂದು ಅಪೂರ್ವ ಪಶ್ಚಿಮವನ್ನು ಬರೆದರು. ಅಲ್ಲಿಯ ಹೆಸರಾಂತ ಕಲಾಶಾಲೆಗಳ ಕಥೆಯೂ ನಮ್ಮ ವಿಚಾರಕ್ಕೆ ಸಲ್ಲುತ್ತದೆ. ಪ್ಯಾರಿಸಿನ ಲೂವ್ರ್ ಮೊದಲು ಅರಮನೆ. ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಜನರಿಗಾಗಿ ತೆರೆದ ಕಲಾಶಾಲೆಯಾಯಿತು. ಫ್ಲಾರೆನ್ಸಿನ ಉಫೀತ್ಸಿ 1560ರಲ್ಲಿ ಮೊದಲುಗೊಂಡುದು ಸರಕಾರದ ಕಚೇರಿಯಾಗಿ. ಮೆಡಿಚಿ ಮನೆತನದವರು ಅದರ ಮೇಲಂತಸ್ತಿನಲ್ಲಿ ತಮ್ಮ ಸಂಗ್ರಹವನ್ನಿಟ್ಟುದರಿಂದ ಕಚೇರಿಯ ಹೆಸರೇ ಕಲೆಯ ಹೆಸರಾಯಿತು. ನಮ್ಮ ಮೈಸೂರಿನಲ್ಲಿ 1861ರ ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾದುದೂ ಇಂಥದೇ. ಮಂಗಳೂರಿನ ಬಿಜೈಯಲ್ಲಿ ಹಡಗಿನ ಆಕಾರದ ಮನೆಯೊಂದು ಶ್ರೀಮಂತಿ ಬಾಯಿಯವರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಾಗಿದೆ; ತಾಯಿಯ ನೆನಪಿಗೆ ಅದನ್ನು ಬಿಟ್ಟುಕೊಟ್ಟವರು ವೈದ್ಯರಾದ ಕರ್ನಲ್ ಮಿರಾಜಕರರು. ಸಂಗ್ರಹ ಬೆಳೆದಂತೆ ಮನೆ ಸಾರ್ವಜನಿಕವಾಗುವುದು ಲೋಕದ ಎಲ್ಲ ಕಡೆಯೂ ಕಾಣುವ ಕ್ರಮವೆಂದು ತೋರುತ್ತದೆ.

ಆದರೆ ನಮ್ಮ ತುಳುನಾಡಿನಲ್ಲಿ ಇದಕ್ಕಿಂತ ಬೇರೆಯಾದ ಸಂಗ್ರಹದ ಪದ್ಧತಿಯೊಂದು ಹಿಂದಿನಿಂದ ಬಂದಿದೆ. ಭೂತದ ಮೊಗ, ಕಡ್ಸಲೆ, ಗಗ್ಗರ, ಬೆಳ್ಳಿ ಕಂಚಿನ ಆಭರಣಗಳು ವರ್ಷವೆಲ್ಲ ಭಂಡಾರದ ಮನೆಯಲ್ಲಿರುತ್ತವೆ. ನೇಮದ ದಿನ ಭಂಡಾರ ಹೊರಡುತ್ತದೆ. ಮೆರವಣಿಗೆಯಲ್ಲಿ ಸ್ಥಾನಕ್ಕೆ ಬರುತ್ತದೆ. ರಾತ್ರಿಯ ದೀವಟಿಗೆಯ ಬೆಳಕಿನಲ್ಲಿ ಮೊಗಕ್ಕೆ ಜೀವ ತುಂಬುತ್ತದೆ. ನೇಮ ಮುಗಿದೊಡನೆ ಮತ್ತೆ ಭಂಡಾರದ ಮನೆಗೆ. ಬಚ್ಚಿಡಲು ಒಂದು ಕಟ್ಟಡ, ತೋರಲು ಇನ್ನೊಂದು ಎಡೆ, ನಡುವೆ ಊರಿನವರೆಲ್ಲ ನಡೆಯುವ ದಾರಿ. ಈ ವಸ್ತುಗಳು ಯಾರೊಬ್ಬರ ಸ್ವತ್ತೂ ಅಲ್ಲ; ಕಾಯುವ ಹೊಣೆ ಒಂದು ಮನೆಯದಾದರೆ ಹಕ್ಕು ಊರಿನದು. ಸವೆದುದನ್ನು ಬದಲಿಸಿ ಹೊಸತನ್ನು ಮಾಡಿಸುವುದಕ್ಕೂ ಇಲ್ಲಿ ಅಡ್ಡಿಯಿಲ್ಲ. ಇಂಥ ನಾಡಿನಲ್ಲಿ ಕಣ್ಣು ತೆರೆದವರಿಗೆ ಕಲೆಯೆಂದರೆ ಬಳಕೆಯಲ್ಲಿ ಬಾಳುವುದೆಂದು ತೋರಿದರೆ ಅಚ್ಚರಿಯೇನು?

ಯಕ್ಷಗಾನಕ್ಕಾಗಿ ಕಾರಂತರು ಪಟ್ಟ ಪಾಡಿನಲ್ಲಿಯೂ ಈ ದೃಷ್ಟಿಯೇ ಕಾಣುತ್ತದೆ. ಹಳೆಯ ಮನೆಗಳ ಅಟ್ಟಗಳಲ್ಲಿದ್ದ ತಾಳೆಗರಿಯ ಪ್ರಸಂಗಗಳನ್ನು ಹುಡುಕಿದರು. ಕುಣಿತ, ವೇಷ, ಬಣ್ಣಗಾರಿಕೆ, ರಾಗಗಳನ್ನು ಬಲ್ಲ ಹಿರಿಯ ಕಲಾವಿದರನ್ನು ಕಂಡು ಕೇಳಿದರು. ಹೀಗೆ ಕೂಡಿಸಿದುದರ ಫಲ ಯಕ್ಷಗಾನ ಬಯಲಾಟ ಎಂಬ ಗ್ರಂಥ. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಆದರೆ ಗ್ರಂಥವನ್ನು ಮುಗಿಸಿ ಅವರು ಕೈಕಟ್ಟಿ ಕುಳಿತವರಲ್ಲ. ಕಲಾವಿದರನ್ನು ಕಲೆಹಾಕಿ ಮತ್ತೆ ರಂಗಕ್ಕೆ ತಂದರು, ಪ್ರಯೋಗ ಮಾಡಿದರು, ಬೈಸಿಕೊಂಡರು. ಕೂಡಿಸಿದುದನ್ನು ಕುಣಿಸಿ ನೋಡದೆ ಅವರಿಗೆ ನೆಮ್ಮದಿಯಿರಲಿಲ್ಲ.

ಅವರ ಕಾದಂಬರಿಗಳಲ್ಲಿಯೂ ವಸ್ತುವಿಗೂ ನೆಲೆಗೂ ಇರುವ ನಂಟು ಬಗೆಬಗೆಯಾಗಿ ತೋರಿಬಂದಿದೆ. 1943ರ ಬೆಟ್ಟದ ಜೀವ ನಡೆಯುವುದು ಕುಮಾರಪರ್ವತದ ತಪ್ಪಲಿನಲ್ಲಿ. ಈಗಿನ ಕಡಬ ತಾಲ್ಲೂಕಿಗೆ ಸೇರಿದ ಸುಬ್ರಹ್ಮಣ್ಯ ಸುಳ್ಯಗಳ ಸೀಮೆಯದು. ದಾರಿ ತಪ್ಪಿದ ಪ್ರಯಾಣಿಕನಿಗೆ ಗೋಪಾಲಯ್ಯ ಶಂಕರಮ್ಮನವರ ಮನೆ ಆಸರೆಯಾಗುತ್ತದೆ. ಆ ಮನೆ, ಅದರ ಸುತ್ತಣ ತೋಟ, ತೋಟದ ಆಚೆಯ ಕಾಡು ಇವುಗಳಿಲ್ಲದೆ ಆ ಮುದುಕರ ದುಃಖವೂ ಇಲ್ಲ, ಹುಮ್ಮಸ್ಸೂ ಇಲ್ಲ. 1968ರ ಮೂಕಜ್ಜಿಯ ಕನಸುಗಳಲ್ಲಿ ಮೊಮ್ಮಗ ಸುಬ್ಬರಾಯ ಹಳೆಯ ವಸ್ತುಗಳನ್ನು ಹುಡುಕಿ ತರುತ್ತಾನೆ; ಅಜ್ಜಿ ಅವನ್ನು ಮುಟ್ಟಿದೊಡನೆ ಆ ವಸ್ತು ಎಲ್ಲಿತ್ತು, ಯಾರ ಕೈಯಲ್ಲಿತ್ತು ಎಂಬುದೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಪ್ರಪಂಚದ ಯಾವ ಸಂಗ್ರಹಾಲಯವೂ ಬಯಸುವ ಶಕ್ತಿ ಅದು. ನೆಲೆ ತಪ್ಪಿದ ವಸ್ತುವಿಗೆ ಅದರ ಕಥೆಯನ್ನು ಮರಳಿ ಕೊಡಬಲ್ಲ ಅಜ್ಜಿ ನಮಗೆ ಸಿಗುವುದು ಕಾದಂಬರಿಯಲ್ಲಿ ಮಾತ್ರ. ಬದುಕಿನಲ್ಲಿ ಅಂಥ ಕಥೆ ಉಳಿಯುವುದು, ವಸ್ತುವನ್ನು ಕೀಳುವ ಮೊದಲೇ ಯಾರಾದರೂ ಬರೆದಿಟ್ಟಿದ್ದರೆ.

ಕೀಳುವ ಕೆಲಸವಂತೂ ಅವರ ಕಾಲದಲ್ಲಿಯೇ ನಡೆದಿತ್ತು. ಬಾರಕೂರಿನ ಬಳಿಯ ಮೆಕ್ಕೆಕಟ್ಟಿನ ನಂದಿಕೇಶ್ವರನ ಸ್ಥಾನದಲ್ಲಿದ್ದ ಮರದ ಭಾರಿ ಭೂತವಿಗ್ರಹಗಳಲ್ಲಿ ಹಲವು, ಕಳೆದ ಶತಮಾನದ ಉತ್ತರಾರ್ಧದಲ್ಲಿ ಹೊರಗೆ ಬಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಚಾರ್ಲ್ಸ್ ಕೊರಿಯಾ ಅವರು ರೂಪಿಸಿದ, ಹಳ್ಳಿಯ ಓಣಿ ಅಂಗಳಗಳನ್ನು ನೆನಪಿಗೆ ತರುವ ಆ ಕಟ್ಟಡದಲ್ಲಿ ಅವು ಇವೆ. ಮೆಕ್ಕೆಕಟ್ಟಿನಲ್ಲಿ ಹೊಸ ವಿಗ್ರಹಗಳು ಬಣ್ಣಬಣ್ಣವಾಗಿ ನಿಂತು ಪೂಜೆಗೊಳ್ಳುತ್ತಿವೆ. ಊರಿಗೆ ಭೂತ ಉಳಿಯಿತು, ದೆಹಲಿಗೆ ಶಿಲ್ಪ ದೊರೆಯಿತು ಎನ್ನಬಹುದು. ಇನ್ನೊಂದು ಮಾರ್ಗ ಮಣಿಪಾಲದ ವಿಜಯನಾಥ ಶೆಣೈಯವರದು. ಬ್ಯಾಂಕಿನ ನೌಕರರಾಗಿದ್ದ ಅವರು ಕೆಡವುತ್ತಿದ್ದ ಮನೆಗಳ ಕಂಬ ಬಾಗಿಲುಗಳನ್ನು ತಂದು ಹಸ್ತಶಿಲ್ಪವೆಂಬ ತಮ್ಮ ಮನೆಯನ್ನು ಕಟ್ಟಿದರು. ಅಷ್ಟಕ್ಕೇ ತೃಪ್ತರಾಗದೆ ಮನೆಮನೆಗಳನ್ನೇ ಬಿಚ್ಚಿ ತಂದು ಮರಳಿ ಜೋಡಿಸಿ ಪರಂಪರೆಯ ಗ್ರಾಮವೊಂದನ್ನು ನಿಲ್ಲಿಸಿದರು. 2017ರಲ್ಲಿ ತೀರಿಕೊಂಡ ಅವರ ಈ ಸಾಹಸದಲ್ಲಿ ಕಟ್ಟಡವೇ ಸಂಗ್ರಹದ ವಸ್ತುವಾಯಿತು. ನೆಲ ತಪ್ಪಿತು, ನಿಜ. ಆದರೆ ಕಂಬ ತೊಲೆಗಳ ಸಂಸಾರ ಒಡೆಯಲಿಲ್ಲ.

ಕಾರಂತರು 1970ರ ದಶಕದಲ್ಲಿ ಪುತ್ತೂರನ್ನು ಬಿಟ್ಟು ಹುಟ್ಟೂರಿನ ಬಳಿಯ ಸಾಲಿಗ್ರಾಮಕ್ಕೆ ಹೋದರು. ಅದರಾಚೆಗಿನ ಕಥೆ ಎಲ್ಲರಿಗೂ ತಿಳಿದುದು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. 1977ರ ಜ್ಞಾನಪೀಠ ಪ್ರಶಸ್ತಿ ಮೂಕಜ್ಜಿಗೆ ಸಂದಿತು. 1989ರಲ್ಲಿ, ಮುಪ್ಪನ್ನು ಲೆಕ್ಕಿಸದೆ, ಕೈಗಾದ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟು ಲೋಕಸಭೆಯ ಚುನಾವಣೆಗೆ ನಿಂತು ಸೋತರು. 1997ನೆಯ ಡಿಸೆಂಬರ್ 9ರಂದು, ತೊಂಬತ್ತೈದು ವರ್ಷಗಳ ತುಂಬುಬಾಳನ್ನು ಮುಗಿಸಿ ಕಣ್ಮುಚ್ಚಿದರು.

ಬಾಲವನ ಬಹುಕಾಲ ಸೊರಗಿ, ಸರಕಾರದ ಕೈಸೇರಿ, ಈಚಿನ ವರ್ಷಗಳಲ್ಲಿ ಅವರ ಮನೆಯ ಜೀರ್ಣೋದ್ಧಾರವನ್ನು ಕಂಡಿದೆ. ನಾನು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದಾಗಲೆಲ್ಲ ಅವರು ಕೇಳುವುದು ಕಾರಂತರ ಪೆನ್ನು, ಕನ್ನಡಕ, ಕುರ್ಚಿಗಳನ್ನು. ಕೇಳುವುದು ತಪ್ಪಲ್ಲ. ಆದರೆ ನಾನು ಅವರಿಗೆ ಮೊದಲು ತೋರಿಸುವುದು ಮನೆಯ ಸೂರನ್ನು, ಕಿಟಕಿಯ ಬೆಳಕು ನೆಲಕ್ಕೆ ಬೀಳುವ ಬಗೆಯನ್ನು, ಮನೆಗೂ ಮರಗಳಿಗೂ ನಡುವಣ ಅಂತರವನ್ನು. ಬರೆದವರು ಹೋದರೂ ಬರೆದ ಎಡೆ ಉಳಿದಿದೆ. ವಸ್ತುಗಳನ್ನು ಇನ್ನೊಂದು ಊರಿನಲ್ಲಿ ಪೆಟ್ಟಿಗೆಯೊಳಗಿಡಬಹುದು. ಈ ಬೆಳಕನ್ನು ಹಾಗೆ ಇಡಲಾಗದು.

ಕಟ್ಟಡಗಳೆಲ್ಲ ಹಾಗೆಯೇ ಉಳಿಯಲಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಹಳೆಯ ಮನೆಯಲ್ಲಿ ಬಾಳುವವರ ಕಷ್ಟ ಅವರಿಗೇ ಗೊತ್ತು: ಗೆದ್ದಲು, ಸೋರುವ ಮಾಡು, ಪಾಲುಪಟ್ಟಿ, ರಿಪೇರಿಯ ವೆಚ್ಚ. ಗುಡಿಯ ಜೀರ್ಣೋದ್ಧಾರವೂ ಭಕ್ತರ ಹಕ್ಕು. ನೂರು ವರ್ಷ ದಾಟಿದ ಶಿಲ್ಪ ಕೆತ್ತನೆಗಳ ಮಾರಾಟ ಸಾಗಾಟಗಳಿಗೆ 1972ರ ಪುರಾವಸ್ತು ಕಾಯಿದೆ ಕಡಿವಾಣ ಹಾಕಿದೆ. ಆದರೆ ಕಾಯಿದೆಯ ಕಣ್ಣು ಸುಳ್ಯದ ಒಳಹಳ್ಳಿಯ ಪ್ರತಿಯೊಂದು ಅಟ್ಟವನ್ನೂ ಹೊಗಲಾರದು. ಅಲ್ಲಿ ಹೊಗಬಲ್ಲವರು ಆ ಊರಿನ ಮಕ್ಕಳು, ಅವರ ಅಧ್ಯಾಪಕರು. ಮನೆಯನ್ನು ಬಿಚ್ಚುವ ಮುನ್ನ ಒಂದು ವಾರದ ಬಿಡುವು ಸಿಕ್ಕರೂ ಸಾಕು: ಮನೆಯ ನಕ್ಷೆಯನ್ನು ಅಳೆದು ಬರೆಯಬಹುದು, ಪ್ರತಿ ಕಂಬವನ್ನೂ ತೊಲೆಯನ್ನೂ ಅದರ ಜಾಗದಲ್ಲಿಯೇ ಚಿತ್ರ ತೆಗೆದು ಅಂಕೆ ಹಾಕಬಹುದು, ಯಾವ ಬಾಗಿಲನ್ನು ಏನೆಂದು ಕರೆಯುತ್ತಿದ್ದರು, ಯಾವ ಮೂಲೆಯಲ್ಲಿ ಏನಿಡುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಬಹುದು. ಇದಕ್ಕೆ ಹೆಚ್ಚಿನ ಹಣ ಬೇಡ. ಪದವಿಯಿಲ್ಲದ, ಸಾಲದ ಹೊರೆ ಹೊತ್ತ ಒಬ್ಬರು ಪುತ್ತೂರಿನ ಗುಡ್ಡದಲ್ಲಿ ಕುಳಿತು ಮೂರು ಸಂಪುಟಗಳ ಪ್ರಪಂಚವನ್ನು ಮಕ್ಕಳ ಕೈಗಿತ್ತರು. ತಮ್ಮ ಊರಿನ ಹತ್ತು ಮನೆಗಳ ಚಿತ್ರವನ್ನು ಬರೆದಿಡುವಷ್ಟು ಕೆಲಸವನ್ನು ಇಂದಿನ ಒಂದು ಶಾಲೆ ಮಾಡಲಾರದೇ?